ಬಾಣಲೆಯ ಎಣ್ಣೆಗೆ ಹಲ್ಲೆಷ್ಟು?

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಮೊದಲು ಮಾಡೋ ಕೆಲಸ ಅದರ ಬಾಯಿ ತೆಗೆಸಿ ಹಲ್ಲು ಎಣಿಸೋದು. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಮಾತು. ಆಮೇಲೆ ಸುಳಿ ನೋಡ್ತಾನೆ, ಗೊರಸು ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ. ದಲ್ಲಾಳಿ ಮನೆದೇವರ ಮೇಲೆ ಆಣೆ ಇಟ್ಟರೂ ನಂಬೋದಿಲ್ಲ.

ಇಷ್ಟು ಹುಷಾರಿನ ಮನುಷ್ಯ ವ್ಯಾಪಾರ ಮುಗಿಸಿ ಪಕ್ಕದ ಬಜ್ಜಿ ಗಾಡಿ ಮುಂದೆ ನಿಂತ ಅಂದರೆ ಕಥೆ ಮುಗೀತು. "ಬಿಸಿ ಐತೇನಪ್ಪಾ?" ಅನ್ನೋದು ಬಿಟ್ಟರೆ ಅವನ ಹತ್ತಿರ ಬೇರೆ ಪ್ರಶ್ನೆ ಇಲ್ಲ. ಆ ಬಾಣಲೆಯಲ್ಲಿರೋ ಎಣ್ಣೆ ಇವತ್ತು ಸುರಿದದ್ದೋ, ಹೋದ ವಾರದ ಸಂತೆಯನ್ನೂ ಕಂಡಿದ್ದೋ ಅಂತ ಕೇಳೋದಿಲ್ಲ. ಎತ್ತು ಕೆಟ್ಟದ್ದಾದರೆ ಮುಂದಿನ ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರಬಹುದು. ಹೊಟ್ಟೆಗೆ ಹೋದ ಎಣ್ಣೆಯನ್ನು ಯಾವ ಜಾತ್ರೆಯಲ್ಲಿ ಮಾರ್ತೀರಿ?

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಬಜ್ಜಿಯ ವೈರಿ ಅಲ್ಲ. ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಇಲ್ಲದಿದ್ದರೆ ನಮ್ಮ ದುರ್ಗ, ದಾವಣಗೆರೆ ಸೀಮೆಯಲ್ಲಿ ಸಂತೆಗೆ ಹೋಗೋರು ಅರ್ಧಕ್ಕರ್ಧ ಕಡಿಮೆ ಆಗ್ತಾರೆ. ಕರಿದದ್ದು ತಿನ್ನಬೇಡಿ ಅಂತ ಡಾಕ್ಟರು ಹೇಳ್ತಾರೆ. ಅದು ಅವರ ಕೆಲಸ, ಹೇಳಲಿ. ನನ್ನ ತಕರಾರು ಬಜ್ಜಿಯ ಮೇಲಲ್ಲ, ಬಜ್ಜಿ ಈಜಾಡೋ ಹಳೇ ಎಣ್ಣೆಯ ಮೇಲೆ. ಅದಕ್ಕಿಂತ ಮುಖ್ಯವಾಗಿ, ಆ ಹಳೇ ಎಣ್ಣೆ ಕೊನೆಗೆ ಯಾರ ಹೊಟ್ಟೆಗೆ ಬಂದು ಸೇರುತ್ತೆ ಅನ್ನೋದರ ಮೇಲೆ.

ಬಾಣಲೆಯೊಳಗೆ ನಡೆಯೋದೇನು?

ಚೆನ್ನಾಗಿ ಕರಿಯಬೇಕಾದರೆ ಎಣ್ಣೆ 170ರಿಂದ 180 ಡಿಗ್ರಿ ಕಾದಿರಬೇಕು. ನೀರು ಕುದಿಯೋದು 100 ಡಿಗ್ರಿಗೆ. ಹಿಟ್ಟಿನಲ್ಲಿ, ಮೆಣಸಿನಕಾಯಿಯಲ್ಲಿ ಇರೋ ನೀರು ಆ ಕಾವಿಗೆ ಹಬೆಯಾಗಿ ಹೊರಗೆ ನುಗ್ಗುತ್ತೆ. ಬಜ್ಜಿ ಬಿಟ್ಟ ಕೂಡಲೇ ಬುಳುಬುಳು ಅನ್ನೋದು ಅದೇ. ಹಬೆ ಹೊರಗೆ ನುಗ್ಗುತ್ತಾ ಇರೋವರೆಗೂ ಎಣ್ಣೆಗೆ ಒಳಗೆ ಬರೋಕೆ ದಾರಿ ಇಲ್ಲ. ತುಂಬಿದ ಬಸ್ಸಿನ ಬಾಗಿಲಲ್ಲಿ ಇಳಿಯೋರು ಇರುವಾಗ ಹತ್ತೋರಿಗೆ ಜಾಗ ಸಿಗುತ್ತಾ? ಹಾಗೆ. ಬಜ್ಜಿ ಹೊರಗೆ ತೆಗೆದು ಆರತೊಡಗಿದ ಮೇಲೆ ಹಬೆ ತಣ್ಣಗಾಗುತ್ತೆ, ಒಳಗೆ ಖಾಲಿ ಜಾಗ ಆಗುತ್ತೆ, ಮೈಮೇಲೆ ಅಂಟಿದ್ದ ಎಣ್ಣೆ ಆಗ ಒಳಗೆ ನುಗ್ಗುತ್ತೆ. ಅಂದರೆ ಬಜ್ಜಿ ಹೆಚ್ಚು ಎಣ್ಣೆ ಕುಡಿಯೋದು ಬಾಣಲೆಯಲ್ಲಿ ಅಲ್ಲ, ತಟ್ಟೆಯಲ್ಲಿ. ಆದ್ದರಿಂದ ತೆಗೆದ ಕೂಡಲೇ ಜಾಲರಿಯಲ್ಲಿ ಚೆನ್ನಾಗಿ ಒದರಿ ಸೋರಹಾಕಬೇಕು. ಈ ಸಣ್ಣ ಕೆಲಸಕ್ಕೆ ಖರ್ಚೇನೂ ಇಲ್ಲ.

ಬಜ್ಜಿಯ ಕಥೆ ಇದಾದರೆ ಎಣ್ಣೆಯ ಕಥೆ ಬೇರೆ. ಅದಕ್ಕೆ ಮೂರು ಜನ ಶತ್ರುಗಳು: ನೀರು, ಗಾಳಿ, ಕಾವು. ಹಬೆಯಾದ ನೀರು ಎಣ್ಣೆಯನ್ನು ಒಡೆದು ಹುಳಿ ಅಂಶ ಮಾಡುತ್ತೆ. ಗಾಳಿ ಅದನ್ನು ಕಮಟು ಮಾಡುತ್ತೆ. ಕಾವು ಒಡೆದ ಚೂರುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಎಣ್ಣೆಯನ್ನು ಪಾಕದ ಹಾಗೆ ಮಂದ ಮಾಡುತ್ತೆ. ಬಾಣಲೆಯ ಅಂಚಿಗೆ ಬಣ್ಣ ಬಳಿದ ಹಾಗೆ ಅಂಟು ಮೆತ್ತಿಕೊಂಡಿರುತ್ತಲ್ಲ, ಉಜ್ಜಿ ಉಜ್ಜಿ ಕೈ ಸೋತರೂ ಬಿಡೋದಿಲ್ಲ, ಅದೇ ಈ ಪದಾರ್ಥ. ಉಪ್ಪು, ಖಾರ, ತಳದಲ್ಲಿ ಕರಿ ಹೋದ ಹಿಟ್ಟಿನ ಚೂರು, ತುಕ್ಕು ಹಿಡಿದ ಕಬ್ಬಿಣ ಇವೆಲ್ಲ ಎಣ್ಣೆ ಕೆಡೋ ಕೆಲಸವನ್ನು ಇನ್ನೂ ಬೇಗ ಮಾಡ್ತಾವೆ.

ಈ ಕೆಟ್ಟ ಎಣ್ಣೆಯಿಂದ ಇವತ್ತು ತಿಂದು ನಾಳೆ ಬೆಳಿಗ್ಗೆ ಆಸ್ಪತ್ರೆ ಸೇರೋದು ಅಪರೂಪ. ಗಂಟಲು ಕೆರೆತ, ಹುಳಿತೇಗು, ಎದೆಯುರಿ ಬಂದು ಹೋಗಬಹುದು. ಅದರ ನಿಜವಾದ ಲೆಕ್ಕ ನಿಧಾನದ್ದು. ವರ್ಷಗಟ್ಟಲೆ ಇದನ್ನೇ ತಿಂದರೆ ರಕ್ತನಾಳ, ಹೃದಯ, ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲ ಅಂತ ಆಹಾರ ಸುರಕ್ಷತೆಯವರೇ ಹೇಳ್ತಾರೆ. ಬಡ್ಡಿ ಸಾಲದ ಹಾಗೆ. ತಗೊಂಡ ದಿನ ಏನೂ ಗೊತ್ತಾಗೋದಿಲ್ಲ.

"ಹಳೇದೇ ರುಚಿ ಗೌಡ್ರೆ"

ಎಣ್ಣೆ ಕಪ್ಪಾಗೈತಲ್ಲೋ ಅಂತ ಕೇಳಿದರೆ ಬಜ್ಜಿಯವರು ಕೊಡೋ ಉತ್ತರ ಊರೂರಿಗೂ ಒಂದೇ. "ಹೊಸ ಎಣ್ಣೇಲಿ ಬಣ್ಣ ಬರಲ್ಲ ಗೌಡ್ರೆ, ಹಳೇದೇ ರುಚಿ." ಇದು ಪೂರ್ತಿ ಸುಳ್ಳಲ್ಲ. ಆಗ ತಾನೇ ಪ್ಯಾಕೆಟ್ ಒಡೆದ ಎಣ್ಣೆಯಲ್ಲಿ ಮೊದಲನೇ ಒಬ್ಬೆ ಬಿಳಿಚಿಕೊಂಡು ಬರುತ್ತೆ. ಒಂದೆರಡು ಒಬ್ಬೆ ಆದ ಮೇಲೆ ಎಣ್ಣೆ ಹಿಟ್ಟಿಗೆ ಚೆನ್ನಾಗಿ ಹೊಂದಿಕೊಂಡು ಹೊಂಬಣ್ಣ, ಗರಿಗರಿ ಎರಡೂ ಬರುತ್ತೆ. ಹೊಸ ಸೊಸೆ ಮನೆಗೆ ಹೊಂದಿಕೊಳ್ಳೋ ಹಾಗೆ. ಆದರೆ ಸೊಸೆಗೆ ವಯಸ್ಸಾಗಿ ಅತ್ತೆಯಾದ ಮೇಲೂ ಎಣ್ಣೆ ಅದೇ ಬಾಣಲೆಯಲ್ಲಿದ್ದರೆ ಹೇಗೆ? ಒಂದೆರಡು ಒಬ್ಬೆ ಹಳೆಯದು ಬೇರೆ, ನಾಲ್ಕು ದಿನ ಹಳೆಯದು ಬೇರೆ.

ಇನ್ನೊಂದು ಉತ್ತರ ಇದೆ: "ದಿನಾ ಹೊಸ ಎಣ್ಣೆ ಬೆರೆಸ್ತೀವಿ ಸ್ವಾಮಿ." ಕೆರೆಗೆ ಹೊಸ ನೀರು ಬಂದರೆ ಹಳೇ ನೀರು ಕೋಡಿಯಲ್ಲಿ ಹೋಗುತ್ತೆ. ಬಾಣಲೆಗೆ ಕೋಡಿ ಇಲ್ಲ. ಅಲ್ಲಿ ಹಳೇ ಎಣ್ಣೆ ಹೆಪ್ಪಿನ ಹಾಗೆ ಕೆಲಸ ಮಾಡುತ್ತೆ. ಒಂದು ಚಮಚ ಮಜ್ಜಿಗೆ ಒಂದು ಪಾತ್ರೆ ಹಾಲನ್ನು ಮೊಸರು ಮಾಡಿದ ಹಾಗೆ, ಕೆಟ್ಟ ಎಣ್ಣೆ ಹೊಸ ಎಣ್ಣೆಯನ್ನೂ ಬೇಗ ಕೆಡಿಸುತ್ತೆ. ಒಂದೇ ದಿನದ ಒಳಗೆ ಕಡಿಮೆಯಾದಷ್ಟು ಹೊಸದು ಸೇರಿಸಿಕೊಂಡು ಹೋದರೆ ತಪ್ಪಿಲ್ಲ. ನಿನ್ನೆ ಮೊನ್ನೆಯ ಮಡ್ಡಿಗೆ ಇವತ್ತಿನದು ಸುರಿಯೋದೇ ತಪ್ಪು.

ಕಾನೂನು ಉಂಟು, ಅಳೆಯೋರು ಯಾರು?

ಈ ವಿಷಯಕ್ಕೆ ದೇಶದಲ್ಲಿ ಕಾನೂನು ಇಲ್ಲ ಅಂದುಕೊಳ್ಳಬೇಡಿ. ಕಾನೂನು ಘನವಾಗಿಯೇ ಇದೆ. ಕರಿದು ಕರಿದು ಕೆಟ್ಟ ಎಣ್ಣೆಯಲ್ಲಿ ಹುಟ್ಟೋ ಪದಾರ್ಥಗಳನ್ನೆಲ್ಲ ಸೇರಿಸಿ 'ಟೋಟಲ್ ಪೋಲಾರ್ ಕಾಂಪೌಂಡ್ಸ್' ಅಂತ ಕರೀತಾರೆ. ಈ ಹೆಸರು ಪೂರ್ತಿ ಹೇಳಿ ಮುಗಿಸೋ ಹೊತ್ತಿಗೆ ಕೈಯಲ್ಲಿರೋ ಬಜ್ಜಿ ಆರಿಹೋಗಿರುತ್ತೆ, ಅದಿರಲಿ. ಇದು ಎಣ್ಣೆಯಲ್ಲಿ 25 ಪರ್ಸೆಂಟ್ ದಾಟಿದರೆ ಆ ಎಣ್ಣೆ ಅಡುಗೆಗೆ ಸಲ್ಲದು. 2018ರ ಜುಲೈ 1ರಿಂದ ಇದು ಇಡೀ ದೇಶಕ್ಕೆ ನಿಯಮ. ಒಮ್ಮೆ ಕರಿದ ಎಣ್ಣೆ ಮತ್ತೆ ಬಳಸದಿರೋದೇ ಒಳ್ಳೆಯದು, ಬಳಸಲೇಬೇಕಾದರೆ ಮೂರು ಸಲ ಮೀರಬೇಡಿ ಅನ್ನೋದು ಆಹಾರ ಸುರಕ್ಷತಾ ಪ್ರಾಧಿಕಾರದ ಸಲಹೆ.

ಅಳೆಯೋಕೆ ಯಂತ್ರವೂ ಬಂದಿದೆ. ಕಾದ ಎಣ್ಣೆಯಲ್ಲಿ ಅದ್ದಿದರೆ ಎಷ್ಟು ಪರ್ಸೆಂಟ್ ಅಂತ ಅಂಕಿ ತೋರಿಸುತ್ತೆ. ಅದರ ಬೆಲೆಗೆ ಒಂದು ಬಜ್ಜಿ ಗಾಡಿಯನ್ನೇ ಕೊಳ್ಳಬಹುದು. ಯಾವ ಬಜ್ಜಿಯವನು ಕೊಂಡಾನು?

ಇನ್ನೊಂದು ನಿಯಮ ಕೇಳಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯೋಕೆ ಬಳಸೋರು ಅದರ ಲೆಕ್ಕ ಬರೆದಿಡಬೇಕು, ಉಳಿದ ಹಳೇ ಎಣ್ಣೆಯನ್ನು ನೋಂದಾಯಿಸಿದ ಸಂಗ್ರಹದವರಿಗೇ ಕೊಡಬೇಕು. ಇದು 2019ರ ಮಾರ್ಚ್ 1ರಿಂದ. ನಮ್ಮ ಸಂತೆಯ ಬಜ್ಜಿಯವನು ದಿನಕ್ಕೆ 50 ಲೀಟರ್ ಎಣ್ಣೆ ಸುರಿಯೋ ಹಾಗಿದ್ದರೆ ಗಾಡಿ ಯಾಕೆ ತಳ್ಳುತ್ತಿದ್ದ? ಬೋರ್ಡ್ ಹಾಕಿ ಹೋಟೆಲ್ ಕಟ್ಟಿಸುತ್ತಿದ್ದ. ದೊಡ್ಡ ಮೀನಿಗೆ ಹೆಣೆದ ಬಲೆ ಇದು. ಸಣ್ಣ ಮೀನುಗಳು ಇದರಲ್ಲಿ ನುಸುಳಿ ಓಡಾಡ್ತವೆ, ಆ ಸಣ್ಣ ಮೀನು ತಿನ್ನೋರು ನಾವು.

ಎಣ್ಣೆಯ ಹಿಂಬಡ್ತಿ

ಈಗ ಅಸಲು ವಿಷಯಕ್ಕೆ ಬರೋಣ. ನೌಕರಿಯಲ್ಲಿ ವಯಸ್ಸಾದಂತೆ ಬಡ್ತಿ ಸಿಗುತ್ತೆ. ಎಣ್ಣೆಗೆ ವಯಸ್ಸಾದಂತೆ ಹಿಂಬಡ್ತಿ. ದೊಡ್ಡ ಹೋಟೆಲಿನಲ್ಲಿ ಪೂರಿ, ಗೋಬಿ ಕರಿದ ಎಣ್ಣೆ ಅಲ್ಲಿ ಬಣ್ಣ ಕೆಟ್ಟ ಮೇಲೆ ಡಬ್ಬಿಯಲ್ಲಿ ಕಡಿಮೆ ರೇಟಿಗೆ ಸಣ್ಣ ಅಂಗಡಿಗೆ ಇಳಿಯೋದುಂಟು. ಅಲ್ಲಿಂದ ಗಾಡಿಗೆ. ಗಾಡಿಯಿಂದ ಜಾತ್ರೆಗೆ, ಸಂತೆಗೆ. ಹೀಗೆ ಕೈ ಬದಲಾಗೋದನ್ನು ನಿಲ್ಲಿಸೋದಕ್ಕೇ ಸರ್ಕಾರ 2018ರ ಆಗಸ್ಟ್‌ನಲ್ಲಿ 'ರೂಕೊ' ಅನ್ನೋ ಯೋಜನೆ ಶುರು ಮಾಡಿತು. ಹಳೇ ಎಣ್ಣೆಯನ್ನು ಕೂಡಿಸಿ ಬಯೋಡೀಸೆಲ್ ಮಾಡೋದು ಅದರ ಉದ್ದೇಶ.

ಬಯೋಡೀಸೆಲ್ ಅಂದ ಕೂಡಲೇ ನಮ್ಮ ಬಯಲುಸೀಮೆಯವರಿಗೆ ನಗು ಬರುತ್ತೆ. ಮೊದಲು ಬದುವಿನ ತುಂಬಾ ಜಟ್ರೋಫಾ ಹಾಕಿ, ಡೀಸೆಲ್ ಬೆಳೀರಿ ಅಂದರು. 2017ರ ಹೊತ್ತಿಗೆ 20 ಪರ್ಸೆಂಟ್ ಬೆರೆಸೋ ಗುರಿ ಅಂತ 2009ರ ನೀತಿಯಲ್ಲಿ ಬರೆದರು. ಆ 2017 ಬಂದು ಹೋಯಿತು. ಮೇಕೆ ಸಹ ಮೂಸದ ಆ ಗಿಡ ಎಷ್ಟೋ ಬದುವಿನಲ್ಲಿ ಬರೀ ಬೇಲಿಯಾಗಿ ನಿಂತಿತು. ಈಗ ಲಾರಿಗೂ ಬಜ್ಜಿ ಎಣ್ಣೆಯೇ ಬೇಕಂತೆ. ಕುಡಿಯಲಿ, ಸಂತೋಷ. ನಾವು ಕುಡಿಯೋದಕ್ಕಿಂತ ಲಾರಿ ಕುಡಿಯೋದು ಎಷ್ಟೋ ವಾಸಿ. ಆದರೆ ಲಾರಿಗೆ ಮೀಸಲಾದ ಎಣ್ಣೆ ದಾರಿಯಲ್ಲಿ ನಮ್ಮ ಸಂತೆಯಲ್ಲಿ ಇಳಿಯದ ಹಾಗೆ ನೋಡಿಕೊಳ್ಳೋರು ಬೇಕಲ್ಲ.

ಕೊನೇ ಮೆಟ್ಟಿಲಲ್ಲಿ ನಿಂತಿರೋರು ಯಾರು? ಕೂಲಿ ಮುಗಿಸಿ ಹಸಿದು ಬಂದ ಹೆಣ್ಣುಮಗಳು, ಕಾಳು ಮಾರಲು ಬಂದ ರೈತ, ಸಂತೆಗೆ ಬಂದ ಅಪ್ಪನ ಕೈ ಹಿಡಿದ ಹುಡುಗ. ಪಟ್ಟಣದವರು ಉಂಡುಬಿಟ್ಟ ಎಣ್ಣೆಯಲ್ಲಿ ನಮಗೆ ಬಜ್ಜಿ. ನನಗೆ ಸಿಟ್ಟು ಬರೋದು ಇಲ್ಲಿ.

ಎಣ್ಣೆಯ ಹಲ್ಲು ಎಣಿಸೋದು ಹೇಗೆ?

ಯಂತ್ರ ಇಲ್ಲದಿದ್ದರೇನು, ಕಣ್ಣು ಮೂಗು ಇದೆ. ಎತ್ತಿನ ವಯಸ್ಸು ಹೇಳೋಕೆ ನಾವು ಯಾವ ಯಂತ್ರ ಇಟ್ಟಿದ್ವಿ? ಗಾಡಿ ಮುಂದೆ ಎರಡು ನಿಮಿಷ ನಿಂತು ಇಷ್ಟು ನೋಡಿ.

ಒಂದನೇ ಹಲ್ಲು ನೊರೆ. ಬಜ್ಜಿ ಬಿಟ್ಟಾಗ ದೊಡ್ಡ ಗುಳ್ಳೆ ಎದ್ದು ತಕ್ಷಣ ಒಡೆದುಹೋದರೆ ಎಣ್ಣೆ ಚೆನ್ನಾಗಿದೆ. ಸೋಪಿನ ನೊರೆಯ ಹಾಗೆ ಸಣ್ಣ ಗುಳ್ಳೆ ತುಂಬಿ, ಬಜ್ಜಿ ತೆಗೆದ ಮೇಲೂ ಇಳಿಯದೆ ನಿಂತರೆ ಮುದಿ ಎಣ್ಣೆ.

ಎರಡನೇ ಹಲ್ಲು ಹೊಗೆ. ಒಳ್ಳೇ ರಿಫೈನ್ಡ್ ಎಣ್ಣೆ ಕರಿಯೋ ಕಾವಿಗೆ ಹೊಗೆಯಾಡೋದಿಲ್ಲ. ಕಣ್ಣು ಉರಿಯೋ ಹಾಗೆ ಹೊಗೆ ಬರುತ್ತಿದ್ದರೆ ಒಂದೋ ಉರಿ ಜಾಸ್ತಿ, ಇಲ್ಲಾ ಎಣ್ಣೆ ಕೆಟ್ಟಿದೆ.

ಮೂರನೇ ಹಲ್ಲು ಮಂದ. ಸೌಟಿನಿಂದ ಎತ್ತಿ ಬಿಟ್ಟಾಗ ನೀರಿನ ಹಾಗೆ ಬೀಳಬೇಕು. ಎಳೆ ಎಳೆಯಾಗಿ, ಪಾಕದ ಹಾಗೆ ಇಳಿದರೆ ಬೇಡ.

ನಾಲ್ಕನೇ ಹಲ್ಲು ವಾಸನೆ. ಕಮಟು, ಮೀನಿನ ಹಾಗೆ, ಹಳೇ ಬಣ್ಣದ ಡಬ್ಬಿಯ ಹಾಗೆ ಮೂಗಿಗೆ ಹೊಡೆದರೆ ಮುಂದಿನ ಗಾಡಿಗೆ ನಡೀರಿ.

ಬಣ್ಣವನ್ನು ಕೊನೆಗೆ ಇಟ್ಟಿದ್ದೀನಿ. ಅದೊಂದನ್ನೇ ನಂಬಬಾರದು. ಅರಿಶಿನ, ಖಾರದಪುಡಿಯಿಂದ ಒಳ್ಳೇ ಎಣ್ಣೆಯೂ ಬೇಗ ಕೆಂಪಾಗುತ್ತೆ. ಆದರೆ ಬಾಣಲೆಯ ತಳ ಕಾಣದಷ್ಟು ಕಪ್ಪಾಗಿದ್ದರೆ ಅದಕ್ಕೆ ಸಾಕ್ಷಿ ಬೇಕಿಲ್ಲ.

ಬಜ್ಜಿಯ ಪರವಾಗಿಯೂ ಒಂದು ಮಾತು

ಪಂಚಾಯಿತಿ ಅಂದ ಮೇಲೆ ಎರಡೂ ಕಡೆ ಕೇಳಬೇಕು. ಕಾದ ಎಣ್ಣೆಯಲ್ಲಿ ಬೆಂದ ಬಿಸಿ ಬಜ್ಜಿಯಲ್ಲಿ ರೋಗದ ಕ್ರಿಮಿ ಬದುಕೋದು ಕಷ್ಟ. ಸಂತೆಯಲ್ಲಿ ತಿಂದು ವಾಂತಿ ಭೇದಿ ಆದರೆ ಎಲ್ಲರೂ ಬಜ್ಜಿಯನ್ನೇ ಬೈತಾರೆ. ಪಕ್ಕದಲ್ಲೇ ಬೆಳಿಗ್ಗೆಯಿಂದ ಬಾಯಿ ತೆರೆದು ಕೂತಿದ್ದ ಚಟ್ನಿ, ಹೆಚ್ಚಿಟ್ಟ ಈರುಳ್ಳಿ, ನೊಣದ ಮೆರವಣಿಗೆ ಆದ ತಟ್ಟೆ, ಡ್ರಮ್ಮಿನ ನೀರು ಇವೆಲ್ಲ ಸಾಚಾ ಮುಖ ಮಾಡಿಕೊಂಡು ಕೂತಿರ್ತಾವೆ. ಬಿಸಿ ಬಜ್ಜಿ ತಿನ್ನಿ, ಚಟ್ನಿ ಬಿಡಿ. ಅರ್ಧ ಕರಿದು ಗುಡ್ಡೆ ಹಾಕಿ, ಗಿರಾಕಿ ಬಂದಾಗ ಮತ್ತೆ ಮುಳುಗಿಸಿ ಕೊಡೋದನ್ನು ಮುಟ್ಟಬೇಡಿ. ಅದು ಎರಡು ಸಲ ಎಣ್ಣೆ ಕುಡಿದಿರುತ್ತೆ.

ಇನ್ನು ಪೇಪರು. ನಮ್ಮಲ್ಲಿ ಬಹಳ ಜನ ದಿನಪತ್ರಿಕೆ ಓದೋದೇ ಬಜ್ಜಿ ಕಟ್ಟಿದ ಪೇಪರಿನಲ್ಲಿ. ಹೋದ ತಿಂಗಳ ಮಳೆ ಮುನ್ಸೂಚನೆ, ಆಗಲೇ ಸೋತ ಅಭ್ಯರ್ಥಿಯ ಭರವಸೆ ಎಲ್ಲಾ ಎಣ್ಣೆಯಲ್ಲಿ ನೆಂದು ಕಾಣುತ್ತೆ. ಆ ಅಕ್ಷರದ ಮಸಿಯಲ್ಲಿ ಸೀಸದಂಥ ವಿಷ ಇರಬಹುದು, ಬಿಸಿ ಎಣ್ಣೆಗೆ ಅದು ಬಿಟ್ಟುಕೊಂಡು ತಿಂಡಿಗೆ ಅಂಟುತ್ತೆ. ಪತ್ರಿಕೆಯಲ್ಲಿ ತಿಂಡಿ ಕಟ್ಟಬೇಡಿ ಅಂತ 2016ರಲ್ಲೇ ಸೂಚನೆ ಬಂತು, 2018ರ ಪ್ಯಾಕಿಂಗ್ ನಿಯಮದಲ್ಲಿ ನಿಷೇಧವೇ ಆಯಿತು. ಮುತ್ತುಗದ ಎಲೆ, ಬಾಳೆ ಎಲೆಗೆ ಇಂಥ ಯಾವ ನಿಷೇಧವೂ ಬಂದಿಲ್ಲ. ಹೊಲದ ಅಂಚಿನಲ್ಲಿ ಮುತ್ತುಗ ಇರೋರು ಎಲೆ ಹಚ್ಚಿ ಬಜ್ಜಿಯವನಿಗೇ ಮಾರಬಹುದು.

ಬಣ್ಣದ ವಿಷಯವೂ ಅಷ್ಟೇ. ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧ ಮಾಡಿತು. ಹೂಕೋಸು ಬೆಳೆದ ರೈತನಿಗೇ ಗೊತ್ತು ಅದರ ಬಣ್ಣ ಬಿಳಿ ಅಂತ. ತಟ್ಟೆಯಲ್ಲಿ ಟ್ರ್ಯಾಕ್ಟರ್ ಬಣ್ಣದಲ್ಲಿ ಹೊಳೀತಾ ಇದ್ದರೆ ಎದ್ದು ಬನ್ನಿ.

ಎಪ್ಪತ್ತು ಪೈಸೆಯ ಲೆಕ್ಕ

ಬಜ್ಜಿಯವನನ್ನು ಬೈದು ಲೇಖನ ಮುಗಿಸೋದು ಸುಲಭ. ಆದರೆ ಅವನು ಯಾರು? ಎಷ್ಟೋ ಕಡೆ ಅವನು ನಮ್ಮ ಪಕ್ಕದ ಹೊಲದವನೇ. ಮಳೆ ಕೈಕೊಟ್ಟ ವರ್ಷ ಬಿತ್ತನೆ ಬಿಟ್ಟು ಬಾಣಲೆ ಇಟ್ಟವನು. ಉಳಿದ ಎಣ್ಣೆ ಚೆಲ್ಲು ಅಂದರೆ ಅವನಿಗೆ ಕಾಣೋದು ಎಣ್ಣೆಯಲ್ಲ, ಆ ದಿನದ ಗಿಟ್ಟುವಳಿ.

ಲೆಕ್ಕ ಹಾಕಿ ನೋಡೋಣ. ಸಂಜೆ ಒಲೆ ಆರಿಸೋವಾಗ ಎರಡು ಲೀಟರ್ ಎಣ್ಣೆ ಉಳೀತು ಅನ್ನಿ. ಲೀಟರಿಗೆ 140 ರೂಪಾಯಿ ಅಂತ ಹಿಡಿದರೆ 280 ರೂಪಾಯಿ. ಆ ದಿನ 400 ಬಜ್ಜಿ ಮಾರಿದ್ದರೆ ಒಂದು ಬಜ್ಜಿಗೆ 70 ಪೈಸೆ. 200 ಮಾತ್ರ ಹೋಗಿದ್ದರೆ 1 ರೂಪಾಯಿ 40 ಪೈಸೆ. ಇಷ್ಟೇ ನೋಡಿ ಹೊಸ ಎಣ್ಣೆಗೂ ಹಳೇ ಎಣ್ಣೆಗೂ ಇರೋ ಅಂತರ. ಬಜ್ಜಿಗೆ ಒಂದು ರೂಪಾಯಿ ಜಾಸ್ತಿ ಕೇಳಿದರೆ ನಾವು ಜಗಳಕ್ಕೆ ನಿಲ್ಲುತ್ತೀವಿ. "ಇವತ್ತಿನ ಎಣ್ಣೆ, ಬಜ್ಜಿಗೆ ಒಂದು ರೂಪಾಯಿ ಹೆಚ್ಚು" ಅಂತ ಒಬ್ಬ ಬೋರ್ಡ್ ಹಾಕಿದರೆ ಅವನ ಹತ್ತಿರವೇ ತಿನ್ನೋಣ. ನಮ್ಮ ಬೆಳೆಗೆ ಸರಿಯಾದ ರೇಟ್ ಬೇಕು ಅಂತ ಕೇಳೋ ನಾವು ಅವನ ಬೆಳೆಗೂ ಸರಿಯಾದ ರೇಟ್ ಕೊಡಬೇಕು.

ಅವನಿಗೂ ಒಂದು ಉಪಾಯ ಇದೆ. ದೊಡ್ಡ ಬಾಣಲೆ ತುಂಬಾ ಒಮ್ಮೆಗೇ ಸುರಿಯೋದು ಬಿಟ್ಟು, ಸಣ್ಣ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಟ್ಟು, ಇಳಿದಂತೆ ಹೊಸದು ಹಾಕುತ್ತಾ ಹೋಗೋದು. ಒಬ್ಬೆ ಒಬ್ಬೆಗೂ ತಳದ ಚೂರು ತೆಗೆಯೋದು. ಗಿರಾಕಿ ಇಲ್ಲದಾಗ ಉರಿ ತಗ್ಗಿಸೋದು. ಸಂಜೆ ಹೊತ್ತಿಗೆ ಹೊಸದು ಹಾಕೋದು ನಿಲ್ಲಿಸಿದರೆ ಚೆಲ್ಲೋಕೆ ಉಳಿಯೋದೇ ಅರ್ಧ ಲೀಟರೋ ಏನೋ. ಆಗ 280ರ ಜಾಗದಲ್ಲಿ 70 ರೂಪಾಯಿ.

ಸಂತೆ ಸುಂಕ ಹರಾಜು ಹಾಕೋ ಗ್ರಾಮ ಪಂಚಾಯಿತಿಗಳು ಇನ್ನೂ ಒಂದು ಹೆಜ್ಜೆ ಇಡಬಹುದು. ಹರಾಜಿನ ಷರತ್ತಿನಲ್ಲಿ ಒಂದು ಸಾಲು ಸೇರಿಸಲಿ: ಸಂತೆ ಮುಗಿದ ಮೇಲೆ ಬಾಣಲೆಯಲ್ಲಿ ಉಳಿದ ಎಣ್ಣೆ ಪಂಚಾಯಿತಿಯ ಡ್ರಮ್ಮಿಗೆ ಹಾಕಬೇಕು. ಡ್ರಮ್ಮು ತುಂಬಿದಾಗ ಬಯೋಡೀಸೆಲ್‌ಗೆ ಕೊಳ್ಳೋ ನೋಂದಾಯಿತ ಸಂಗ್ರಹದವರಿಗೆ ಮಾರಿ, ಬಂದ ಹಣ ಬಜ್ಜಿಯವರಿಗೇ ಹಂಚಲಿ. ಒಂದೇ ಸಂತೆಯ ಎಣ್ಣೆ ಅವರಿಗೆ ಸಾಲದಿದ್ದರೆ ಹೋಬಳಿಯ ನಾಲ್ಕೈದು ಸಂತೆ ಕೂಡಿಸಲಿ. ಹಾಲು ಶೇಖರಣೆ ಮಾಡಿ ಅಭ್ಯಾಸ ಇರೋ ನಮಗೆ ಇದೇನು ಬ್ರಹ್ಮವಿದ್ಯೆ ಅಲ್ಲ.

ಶೇಂಗಾ ಬೆಳೆಯೋರು ತಿನ್ನೋ ಎಣ್ಣೆ

ಕೊನೆಗೆ ನಮ್ಮ ಹೊಲದ ಮಾತು. ಈ ಬಾಣಲೆಯಲ್ಲಿರೋದು ಹೆಚ್ಚಾಗಿ ತಾಳೆ ಎಣ್ಣೆ, ನಾವು ಪಾಮೋಲಿನ್ ಅನ್ನೋದು. ಅದು ವಿಷ ಅಂತ ನಾನು ಹೇಳೋದಿಲ್ಲ. ಕಾವು ತಡೆಯೋದರಲ್ಲಿ ಸೂರ್ಯಕಾಂತಿಗಿಂತ ಅದೇ ಗಟ್ಟಿ, ಸೂರ್ಯಕಾಂತಿ ಬೇಗ ಕೆಡುತ್ತೆ. ಆದರೆ ಎಣ್ಣೆ ಮಿಲ್ಲುಗಳಿಂದ ಚಳ್ಳಕೆರೆಗೆ 'ಎರಡನೇ ಮುಂಬೈ' ಅಂತ ಹೆಸರು ಬಂದಿದ್ದ ಸೀಮೆಯಲ್ಲಿ, ಶೇಂಗಾ ಬೆಳೆದವನೇ ಕಾಯಿ ಮಾರಿ ಹಡಗಿನಲ್ಲಿ ಬಂದ ಎಣ್ಣೆ ಕೊಂಡು ಮನೆಗೆ ಹೋಗ್ತಾನೆ ಅನ್ನೋದು ನಗೋ ವಿಷಯವೋ ಅಳೋ ವಿಷಯವೋ ನೀವೇ ಹೇಳಿ. 1986ರಲ್ಲಿ ಎಣ್ಣೆಕಾಳು ಮಿಷನ್ ಬಂದು, 1990ರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಬಹುಮಟ್ಟಿಗೆ ತನ್ನ ಕಾಲ ಮೇಲೆ ನಿಂತಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು. ಈಗ ಬೇಕಾದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2023-24ರಲ್ಲಿ ಬಂದದ್ದು ಸುಮಾರು 160 ಲಕ್ಷ ಟನ್. ಕಚ್ಚಾ ತಾಳೆ ಎಣ್ಣೆಯ ಮೂಲ ಆಮದು ಸುಂಕ 2024ರ ಸೆಪ್ಟೆಂಬರ್‌ನಲ್ಲಿ 20 ಪರ್ಸೆಂಟ್‌ಗೆ ಏರಿತು, 2025ರ ಮೇ ಕೊನೆಗೆ 10ಕ್ಕೆ ಇಳಿಯಿತು. ಬಜ್ಜಿ ಬಾಣಲೆಗೆ ಬೀಳೋದಕ್ಕಿಂತ ಮೊದಲೇ ಎಣ್ಣೆ ಇಷ್ಟು ಸಲ ಮಗುಚಿ ಬಿದ್ದಿರುತ್ತೆ.

ಒಂದು ಕ್ವಿಂಟಾಲ್ ಕಾಯಿ ಒಡೆಸಿದರೆ 65ರಿಂದ 70 ಕೆಜಿ ಕಾಳು. ಗಾಣದಲ್ಲಿ ಹಾಕಿದರೆ ಕಾಳಿನ ತೂಕದ ಸುಮಾರು 40 ಪರ್ಸೆಂಟ್ ಎಣ್ಣೆ, ಅಂದರೆ 26ರಿಂದ 28 ಕೆಜಿ. ಮಿಕ್ಕದ್ದು ದನಕ್ಕೆ ಹಿಂಡಿ. ಮನೆಗೆ ಬೇಕಾದಷ್ಟು ಎಣ್ಣೆಗಾದರೂ ಕಾಯಿ ಉಳಿಸಿಕೊಂಡು ಮಿಕ್ಕದ್ದು ಮಾರೋದು ಒಳ್ಳೆಯದು.

ಗಾಣದ ಎಣ್ಣೆ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕುಡಿಯೋದೂ ಸರಿಯಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ಹುಡುಕಿದರೆ ಕಾರಣ ಬ್ರೆಜಿಲಿನಿಂದ ಬಂದ ಬೂಸ್ಟು ಹಿಡಿದ ಶೇಂಗಾ ಹಿಂಡಿ. ಆ ಬೂಸ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಅಂತ ಹೆಸರಾಯಿತು. ರಿಫೈನ್ಡ್ ಮಾಡುವಾಗ ಅದು ಹೋಗುತ್ತೆ, ಗಾಣದ ಎಣ್ಣೆಯಲ್ಲಿ ಸ್ವಲ್ಪ ಉಳಿಯುತ್ತೆ, ಕರಿದರೂ ಪೂರ್ತಿ ಸಾಯೋದಿಲ್ಲ. ಹಿಂಡಿಯಲ್ಲಿ ಹಸುವಿಗೆ ಹೋಗಿ ಹಾಲಿನಲ್ಲಿ ವಾಪಸ್ ಬರುತ್ತೆ. ಕಾಯಿ ಬಲಿಯೋ ಹೊತ್ತಿಗೆ ಮಳೆ ಹೋಗಿ ಭೂಮಿ ಕಾದರೆ ಈ ಬೂಸ್ಟು ಹೊಲದಲ್ಲೇ ಹತ್ತುತ್ತೆ, ನಮ್ಮ ಬೆದ್ದಲಿಗೆ ಇದು ಮಾಮೂಲು. ಕಿತ್ತ ಗಿಡವನ್ನು ಕಾಯಿ ಮೇಲಾಗಿ ಒಣಗಿಸಿ, ಅಲ್ಲಾಡಿಸಿದರೆ ಕಾಳು ಗಲಗಲ ಅನ್ನೋವರೆಗೂ ಒಣಗಬೇಕು. ಕಾಳು ಮುರಿಯದಿರಲಿ ಅಂತ ಒಡೆಸೋ ಮೊದಲು ಕಾಯಿಗೆ ನೀರು ಚಿಮುಕಿಸೋ ರೂಢಿ ಮಿಷನ್‌ನವರಲ್ಲಿದೆ. ಗಾಣಕ್ಕೆ ಹೋಗೋ ಕಾಯಿಗೆ ಅದು ಬೇಡವೇ ಬೇಡ. ಸುಕ್ಕಿದ್ದು, ಹಸಿರು ಪುಡಿ ಹತ್ತಿದ್ದು, ಒಳಗೆ ಹಳದಿಯಾಗಿದ್ದನ್ನು ಆರಿಸಿ ಸುಟ್ಟುಬಿಡಿ. ದನಕ್ಕೂ ಹಾಕಬೇಡಿ.

ಮನೆಯಲ್ಲಿ ಹಬ್ಬಕ್ಕೆ ಚಕ್ಕುಲಿ, ಕೋಡುಬಳೆ ಕರಿಯೋ ತಾಯಂದಿರಿಗೂ ಇದೇ ಮಾತು. ಬಾಣಲೆಗೆ ಬೇಕಾದಷ್ಟೇ ಹಾಕಿ. ಉಳಿದದ್ದನ್ನು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಮುಚ್ಚಳ ಹಾಕಿ ಕತ್ತಲಲ್ಲಿಡಿ. ಎರಡು ದಿನದೊಳಗೆ ಪಲ್ಯದ ಒಗ್ಗರಣೆಗೆ ಮುಗಿಸಿ, ಮತ್ತೆ ಕರಿಯೋಕೆ ಬೇಡ. ಕೆಟ್ಟದ್ದಿದ್ದರೆ ನೇಗಿಲು, ಕುಂಟೆಯ ಮರಕ್ಕೆ ಬಳಿಯಿರಿ. ಚರಂಡಿಗೆ ಸುರಿಯಬೇಡಿ.

ಮುಂದಿನ ಸಂತೆಗೆ ಹೋದಾಗ ಬಜ್ಜಿ ಕೈಗೆ ತಗೊಳ್ಳೋ ಮೊದಲು ಒಂದು ಮಾತು ಕೇಳಿ: "ಎಣ್ಣೆ ಯಾವತ್ತಿನದಪ್ಪಾ?" ಮೊದಲ ದಿನ ಅವನು ನಗ್ತಾನೆ. ಎರಡನೇ ವಾರ ಸಿಡುಕ್ತಾನೆ. ಹತ್ತು ಜನ ಕೇಳಿದ ಮೇಲೆ ತಾನೇ ಹೇಳೋಕೆ ಶುರು ಮಾಡ್ತಾನೆ. ಹಾಗೆ ಹೇಳಿದ ದಿನ ಚೌಕಾಶಿ ಮಾಡದೆ ಆ ಒಂದು ರೂಪಾಯಿ ಕೊಟ್ಟುಬಿಡಿ.